ಚೈನಿನ ಮೇಲಿನ ಕೆಂಪು ಚುಕ್ಕಿ

1995ರಲ್ಲಿ ನಾನು ಓದು ನಿಲ್ಲಿಸಿದೆ. ಏಳನೇ ಕ್ಲಾಸು ಫೇಲಾಗಿ ಬಿಟ್ಟವನಲ್ಲ, ಪಾಸಾಗಿ ಬಿಟ್ಟವನು. ಇದನ್ನು ಕೇಳದವರಿಗೂ ಹೇಳುತ್ತೇನೆ. ಆ ಬೇಸಿಗೆ ಮುಗಿಯುವ ಮೊದಲೇ ಚನ್ನಪಟ್ಟಣದ ಒಂದು ಬೊಂಬೆ ಕಾರ್ಖಾನೆಗೆ ಸೇರಿದೆ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ ಬಣ್ಣ ಹಿಡಿಸುವುದು ನನ್ನ ಕೆಲಸ. ನಾಲ್ಕು ವರ್ಷ ಕೆಂಪನ್ನೇ ನೋಡಿದ್ದೇನೆ. ಕುಂಕುಮದ ಕೆಂಪು ಬೇರೆ, ಇಟ್ಟಿಗೆಯ ಕೆಂಪು ಬೇರೆ, ಹಣ್ಣು ಮೆಣಸಿನಕಾಯಿಯ ಕೆಂಪು ಬೇರೆ. ಎರಡು ಚೆಂಡು ಕೈಗೆ ಕೊಟ್ಟು ಯಾವುದು ನಿನ್ನೆಯ ಬಣ್ಣ, ಯಾವುದು ಇವತ್ತಿನದು ಎಂದು ಕೇಳಿದರೆ ಹೇಳಿಬಿಡುತ್ತಿದ್ದೆ. ಓದಿದವರಿಗೆ ಅಕ್ಷರ ಹೇಗೋ ನನಗೆ ಬಣ್ಣ ಹಾಗೆ. ಇದನ್ನು ಮೊದಲೇ ಹೇಳಲು ಕಾರಣ ಇದೆ. ಮುಂದೆ ನಾನು ಮಾಡಿದ ತಪ್ಪು ಕಣ್ಣಿನ ತಪ್ಪಲ್ಲ.

ಆಮೇಲೆ ಊರಿಗೆ ಬಂದು ರೇಷ್ಮೆ ಹುಳು ಮೇಯಿಸಲು ಹಿಡಿದೆ. ನಮ್ಮೂರು ದೊಡ್ಡಮಳೂರಿನಿಂದ ಒಳಕ್ಕೆ ಮೂರು ಕಿಲೋಮೀಟರ್. ಇಪ್ಪತ್ತು ವರ್ಷದ ಮೇಲಾಯಿತು, ಬೇರೆ ಕಸುಬು ಮಾಡಿಲ್ಲ. ಗೂಡನ್ನು ರಾಮನಗರದ ಮಾರ್ಕೆಟ್ಟಿಗೆ ಹಾಕುತ್ತೇನೆ. ಅಲ್ಲಿ ಒಂದು ಬೆಳಿಗ್ಗೆ ನಿಂತು ನೋಡಿದವರಿಗೆ ಗೊತ್ತಿರುತ್ತದೆ, ಕೊಳ್ಳುವವನು ಗೂಡಿಗೆ ಕೈಹಾಕುವ ರೀತಿ. ಮೇಲಿನದನ್ನು ಅವನು ನೋಡುವುದೇ ಇಲ್ಲ. ಮೊಣಕೈವರೆಗೆ ಇಳಿಸಿ ತಳದಿಂದ ಒಂದು ಹಿಡಿ ಎತ್ತುತ್ತಾನೆ. ಕೆಟ್ಟ ಗೂಡನ್ನು ನಾವು ಕೆಳಗೆ ಅಡಗಿಸಿದ್ದೇವೆ ಎಂದು ಅವನ ಅನುಮಾನ. ಅಡಗಿಸುವವರೂ ಇದ್ದಾರೆ. ನಾನು ಅದಕ್ಕೆ ಬೇಜಾರು ಮಾಡಿಕೊಳ್ಳಲಿಲ್ಲ, ಆ ಬುದ್ಧಿಯನ್ನೇ ಕಲಿತೆ. ಏನು ಕೊಂಡರೂ, ಯಾರ ಕೈಗೆ ಏನು ಕೊಟ್ಟರೂ, ತಳದಿಂದ ಎತ್ತಿ ನೋಡುವುದು.

ನನ್ನ ಬೈಕಿಗೆ ಈಗ ಒಂಬತ್ತು ವರ್ಷ. ನಾನೂ ನನ್ನ ಚಿಕ್ಕಪ್ಪನ ಮಗನೂ ಒಂದೇ ದಿನ ಒಂದೇ ಅಂಗಡಿಯಲ್ಲಿ ಒಂದೇ ಬಗೆಯ ಗಾಡಿ ತೆಗೆದುಕೊಂಡೆವು. ಅವನದು ಕಪ್ಪು, ನನ್ನದು ನೀಲಿ. ಮನೆಯ ಪಕ್ಕದ ತೋಟದ ಸೊಪ್ಪು ಸಾಲದೆ, ಹೆದ್ದಾರಿಯ ಆಚೆ ಐದು ಕಿಲೋಮೀಟರ್ ದೂರದಲ್ಲಿ ಒಂದು ಎಕರೆ ಹಿಪ್ಪುನೇರಳೆಯನ್ನು ನಾನು ಗುತ್ತಿಗೆಗೆ ಹಿಡಿದಿದ್ದೇನೆ. ಅವನೂ ಅದರ ಪಕ್ಕದಲ್ಲೇ ಒಂದು ಎಕರೆ ಹಿಡಿದಿದ್ದಾನೆ. ಹುಳು ನಾಲ್ಕನೇ ಸಾರಿ ಪೊರೆ ಬಿಟ್ಟು ಎದ್ದಮೇಲೆ ಏಳು ದಿನ ಅದಕ್ಕೆ ಹೊಟ್ಟೆಯೇ ಹೊಟ್ಟೆ. ಹುಳು ಸಾಕುವ ಮನೆಯೊಳಗೆ ಹೋದರೆ ಹೆಂಚಿನ ಮೇಲೆ ಸಣ್ಣ ಮಳೆ ಬಿದ್ದ ಹಾಗೆ ತಿನ್ನುವ ಸದ್ದು. ಆ ಏಳು ದಿನ ದಿನಕ್ಕೆ ನಾಲ್ಕು ಸಾರಿ ಸೊಪ್ಪಿನ ಹೊರೆ ಹಿಂದೆ ಕಟ್ಟಿಕೊಂಡು ಬರಬೇಕು. ಒಂದು ಹೊತ್ತು ತಪ್ಪಿದರೆ ಗೂಡು ತೆಳ್ಳಗಾಗುತ್ತದೆ. ಆದ್ದರಿಂದ ನಮಗೆ ಬೈಕು ಮೆರವಣಿಗೆಯ ಸಾಮಾನಲ್ಲ.

ಕಂಪನಿಯವರು ಕೊಟ್ಟ ಪುಸ್ತಕದಲ್ಲಿ ಇಷ್ಟು ಕಿಲೋಮೀಟರಿಗೆ ಒಂದು ಸರ್ವೀಸ್ ಎಂದು ಬರೆದಿದೆ. ನಮ್ಮ ಊರಿನವರು ಹಾಗೆ ಲೆಕ್ಕ ಇಡುವುದಿಲ್ಲ. ಬೆಳೆಗೊಂದು ಸರ್ವೀಸ್. ಗೂಡು ಮಾರಿದ ಮಾರನೇ ದಿನ ಹುಳುಮನೆ ತೊಳೆಯುವುದು ಹೆಂಗಸರ ಕೆಲಸ, ಗಾಡಿ ಬಿಚ್ಚಿಸುವುದು ಗಂಡಸರ ಕೆಲಸ. ಊರಿನ ಹದಿನಾಲ್ಕು ಗಾಡಿಗಳೂ ಚನ್ನಪಟ್ಟಣದ ಒಬ್ಬನೇ ಮೆಕ್ಯಾನಿಕ್ ಹತ್ತಿರ ಹೋಗುತ್ತಿದ್ದವು. ಹಳೆಯ ಮೈಸೂರು ರಸ್ತೆಯಲ್ಲಿ, ಒಂದು ಹೊಂಗೆ ಮರದ ಕೆಳಗೆ, ತಗಡಿನ ಶೆಡ್ಡು. ನನಗಿಂತ ನಾಲ್ಕೈದು ವರ್ಷ ದೊಡ್ಡವನು, ನಾನು ಅಣ್ಣ ಎನ್ನುತ್ತಿದ್ದೆ. ಹದಿನೈದು ವರ್ಷದ ಪರಿಚಯ. ಮಾತು ಕಡಿಮೆ. ಅವನು ಕೆಲಸ ಮಾಡುವುದನ್ನು ನೋಡುವುದೇ ಒಂದು ಚೆಂದ, ಅದನ್ನು ಅನುಮಾನದ ದಿನಗಳಲ್ಲೂ ನಾನು ಒಪ್ಪಿಕೊಂಡೇ ಇದ್ದೆ. ಎಂಜಿನ್ ಬಿಸಿ ಇದ್ದಾಗಲೇ ಆಯಿಲ್ ಇಳಿಸುವನು, ತಣ್ಣಗಾದರೆ ಕಸ ತಳದಲ್ಲೇ ಉಳಿಯುತ್ತದೆ ಎಂದು. ಇಳಿದ ಆಯಿಲನ್ನು ಎರಡು ಬೆರಳಲ್ಲಿ ಉಜ್ಜಿ ಬಿಸಿಲಿಗೆ ಹಿಡಿಯುವನು. ಬ್ರೇಕಿನ ಲೈನರ್ ಬಿಚ್ಚಿ ಎಮರಿ ಹಾಳೆಯಲ್ಲಿ ತಿಕ್ಕುವನು. ಚೈನ್ ಕಳಚಿ ಡೀಸೆಲ್ ತಟ್ಟೆಯಲ್ಲಿ ನೆನೆಹಾಕಿ, ವೈರ್ ಬ್ರಶ್ಶಲ್ಲಿ ಉಜ್ಜಿ, ಬಟ್ಟೆಯಲ್ಲಿ ಒರೆಸಿ, ಆಮೇಲೆ ಆಯಿಲ್ ಕುಡಿಸುವನು. ಟ್ಯಾಪೆಟ್ ಸರಿಮಾಡುವಾಗ ಮಾತ್ರ ಎಲ್ಲರನ್ನೂ ಸುಮ್ಮನಿರಿಸಿ ಕಿವಿ ಎಂಜಿನ್ನಿಗೆ ಕೊಡುವನು.

ಉಳಿದವರು ಗಾಡಿ ಬಿಟ್ಟು ಟೀಗೆ ಹೋಗುತ್ತಿದ್ದರು. ನಾನು ಹೋಗುತ್ತಿರಲಿಲ್ಲ. ಒಂದು ಹಳೇ ಟೈರಿನ ಮೇಲೆ ಕೂತು ಕೊನೆಯ ನಟ್ಟು ಬೀಳುವ ತನಕ ನೋಡುತ್ತಿದ್ದೆ.

"ನಮ್ ಗೌಡ್ರು ಎಂಗೆ ಕೂತವ್ರೆ ನೋಡ್ರಪ್ಪ, ಬಾಣಂತಿ ಪಕ್ಕ ಅವ್ವ ಕೂತಂಗೆ" ಎಂದು ಮೆಕ್ಯಾನಿಕ್ ಒಮ್ಮೆ ನಕ್ಕಿದ್ದ.

"ನೀನ್ ಹೆರಿಗೆ ಮಾಡ್ಸಣ್ಣ, ನಾನ್ ಮಗು ಬದ್ಲಾಗ್ದಂಗೆ ನೋಡ್ಕತೀನಿ" ಎಂದೆ ನಾನು. ಅವನು ನಕ್ಕ. ನಾನು ತಮಾಷೆಗೆ ಹೇಳಿದ್ದಲ್ಲ.

ಅನುಮಾನ ಹುಟ್ಟಿದ್ದು ಚೈನಿನಿಂದ. ನನ್ನ ಚೈನ್ ಸೆಟ್ ಆರೇಳು ತಿಂಗಳಿಗೆ ಹೋಗುತ್ತಿತ್ತು. ಕೊಂಡಿಗಳು ತುಕ್ಕು ಹಿಡಿದು ಬಿಗಿದುಕೊಂಡು, ಚೈನ್ ಮೆತ್ತಗೆ ಮಲಗದೆ ಕೋಲಿನ ಹಾಗೆ ಸೆಟೆದು ನಿಲ್ಲುವುದು. "ಚೈನ್ ಹೋಗೈತೆ ಗೌಡ್ರೇ" ಎನ್ನುವನು ಮೆಕ್ಯಾನಿಕ್. ಹೊಸದು ಹಾಕಿಸುವೆ. ಮತ್ತೆ ಆರು ತಿಂಗಳು. ನನ್ನ ಚಿಕ್ಕಪ್ಪನ ಮಗನ ಗಾಡಿಯ ಚೈನಿಗೆ ಎರಡು ವರ್ಷವಾದರೂ ಏನೂ ಆಗಿರಲಿಲ್ಲ. ಒಂದೇ ಗಾಡಿ, ಒಂದೇ ರಸ್ತೆ, ಒಂದೇ ಹೊರೆ, ಒಬ್ಬನೇ ಮೆಕ್ಯಾನಿಕ್. ವ್ಯತ್ಯಾಸ ಇದ್ದರೆ ಎಲ್ಲಿರಬೇಕು? ನನಗೆ ಡೂಪ್ಲಿಕೇಟ್ ಹಾಕುತ್ತಿದ್ದಾನೆ, ಇಲ್ಲವೇ ನನ್ನ ಒಳ್ಳೆಯದನ್ನು ಕಳಚಿ ಇನ್ನೊಬ್ಬನ ಹಳೆಯದನ್ನು ತೊಳೆದು ಹಾಕುತ್ತಿದ್ದಾನೆ. ಬೇರೆ ಇನ್ನೇನು?

ಒಂದು ಸಾರಿ ಅವನೇ ಕೇಳಿದ, "ಗಾಡೀಗೆ ಏನಾಕಿ ತೊಳೀತೀರಿ ಗೌಡ್ರೇ?"

ನನಗೆ ತಟ್ಟನೆ ಅನಿಸಿದ್ದು, ಇವನು ಈಗ ಶಾಂಪೂ ಡಬ್ಬಿಯನ್ನೂ ಮಾರಲು ಹೊರಟ ಎಂದು. "ನೀರು ಕಣಣ್ಣ, ಇನ್ನೇನ್ ಹಾಲಲ್ಲಿ ತೊಳೀತೀವಾ" ಎಂದೆ. ಅವನು ಮತ್ತೆ ಬ್ರಶ್ಶು ಹಿಡಿದ. ನಾನು ಹೇಳಿದ್ದು ಸುಳ್ಳು ಎಂದು ನನಗೆ ಅನ್ನಿಸಲಿಲ್ಲ. ತೊಳೆಯುವುದು ನೀರಿನಲ್ಲೇ. ರೋಗಕ್ಕೆ ಹಾಕುವುದು ತೊಳೆಯುವ ಲೆಕ್ಕಕ್ಕೆ ಬರುತ್ತದೆಯೇ?

ಆ ರೋಗದ ವಿಷಯವನ್ನು ಇಲ್ಲೇ ಹೇಳಿಬಿಡಬೇಕು. ಕೆಲವು ವರ್ಷದ ಹಿಂದೆ ಒಂದು ಬೆಳೆ ಪೂರ್ತಿ ಹಾಲುತೊಂಡೆಗೆ ಹೋಯಿತು. ಹುಳು ಊದಿಕೊಂಡು, ಮುಟ್ಟಿದರೆ ಒಡೆದು, ಹಾಲಿನಂಥ ನೀರು ಸುರಿಯುವ ರೋಗ. ಮಾರ್ಕೆಟ್ಟಿನಲ್ಲಿ ಹತ್ತೂರಿನ ಗೂಡು, ಹತ್ತೂರಿನ ಧೂಳು ಸೇರುತ್ತದೆ. ಅದು ಚಕ್ರಕ್ಕೆ ಅಂಟಿ ನಮ್ಮ ಬಾಗಿಲಿಗೆ ಬಂತು ಎಂದು ನಾನು ತೀರ್ಮಾನ ಮಾಡಿದೆ. ಹುಳುಮನೆಗೆ ಬ್ಲೀಚಿಂಗ್ ಪೌಡರ್ ನೀರು ಹೊಡೆಯುವುದು ಎಲ್ಲರೂ ಮಾಡುವುದೇ. ಬಾಗಿಲಲ್ಲಿ ಸುಣ್ಣದ ಜೊತೆ ಅದನ್ನು ಚೆಲ್ಲಿ ಕಾಲು ಅದ್ದಿ ಒಳಗೆ ಹೋಗುವುದೂ ಎಲ್ಲರೂ ಮಾಡುವುದೇ. ನಾನು ಒಂದು ಹೆಜ್ಜೆ ಮುಂದೆ ಹೋದೆ. ಮಾರ್ಕೆಟ್ಟಿಂದ, ತೋಟದಿಂದ, ಎಲ್ಲಿಂದ ಬಂದರೂ ಒಂದು ಬಕೆಟ್ ಬ್ಲೀಚಿಂಗ್ ನೀರನ್ನು ಗಾಡಿಯ ಎರಡು ಚಕ್ರಕ್ಕೂ ಚೈನಿಗೂ ಹುಯ್ಯುತ್ತಿದ್ದೆ. ಚೈನಿಗೆ ಎರಡು ಚೊಂಬು ಜಾಸ್ತಿ. ಜಿಡ್ಡು ಇರುವ ಕಡೆ ತಾನೇ ಧೂಳು ಅಂಟುವುದು. ಆಮೇಲೆ ಒಂದು ಬೆಳೆಯೂ ಕೆಟ್ಟಿಲ್ಲ. ಊರಿನಲ್ಲಿ ನನ್ನಷ್ಟು ಚೊಕ್ಕವಾಗಿ ಹುಳು ಮೇಯಿಸುವವನು ಇಲ್ಲ ಎಂದು ನಾನೂ ಅಂದುಕೊಂಡಿದ್ದೆ, ಬೇರೆಯವರೂ ಹೇಳುತ್ತಿದ್ದರು.

ಚೈನಿನ ವಿಷಯಕ್ಕೆ ಬರುತ್ತೇನೆ. ಮೆಕ್ಯಾನಿಕ್ಕನ್ನು ಹಿಡಿಯಬೇಕು ಎಂದು ನಾನು ಒಂದು ಉಪಾಯ ಮಾಡಿದೆ. ಮಗಳ ಉಗುರಿನ ಬಣ್ಣದ ಸೀಸೆ ತಂದು, ಗಾಡಿಯ ಒಂಬತ್ತು ಸಾಮಾನಿಗೆ ಕಾಣದ ಜಾಗದಲ್ಲಿ ಒಂದೊಂದು ಕೆಂಪು ಚುಕ್ಕಿ ಇಟ್ಟೆ. ಪ್ಲಗ್ಗು, ಬ್ಯಾಟರಿ, ಕಾರ್ಬೊರೇಟರು, ಏರ್ ಫಿಲ್ಟರ್ ಡಬ್ಬಿಯ ಒಳಗಡೆ, ಎರಡು ಬ್ರೇಕು, ಹಿಂದಿನ ಹಲ್ಲುಚಕ್ರ, ಮುಂದಿನ ಹಲ್ಲುಚಕ್ರ, ಚೈನಿನ ಲಾಕ್ ಕೊಂಡಿ.

ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು. "ಮದ್ವೆ ಆದಾಗ್ನಿಂದ ನನಗೊಂದ್ ಸೀಸೆ ತಂದ್ಕೊಟ್ಟಿಲ್ಲ. ಗಾಡೀಗೆ ಉಗುರ್ ಬಣ್ಣ ಹಚ್ತಾವ್ರೆ."

"ಸುಮ್ನಿರು. ಕಳ್ಳನ್ನ ಹಿಡೀಬೇಕು."

"ಹದಿನೈದ್ ವರ್ಸ ಆದ್ಮೇಲೆ ಗೊತ್ತಾಯ್ತಾ ಕಳ್ಳ ಅಂತ?"

"ಅದ್ಕೇ ಹಚ್ತಿರೋದು, ಗೊತ್ತಾಗ್ಲಿ ಅಂತ."

ಎರಡು ಸರ್ವೀಸ್ ಆಯಿತು. ಚುಕ್ಕಿಗಳು ಇದ್ದ ಹಾಗೇ ಇದ್ದವು. ಸರಿ, ನಾನು ಪಕ್ಕದಲ್ಲೇ ಕೂತಿರುವಾಗ ಅವನಾದರೂ ಹೇಗೆ ಬದಲಾಯಿಸುತ್ತಾನೆ ಎಂದುಕೊಂಡೆ. ಮೂರನೆಯದಕ್ಕೆ ಕೂರಲು ಆಗಲಿಲ್ಲ. ಬೆಳಿಗ್ಗೆ ಗಾಡಿ ಬಿಟ್ಟು, ಹಿಂದಿನ ದಿನ ಮಾರದೆ ಉಳಿದಿದ್ದ ಗೂಡನ್ನು ಬಾಡಿಗೆ ಆಟೋದಲ್ಲಿ ಹಾಕಿಕೊಂಡು ರಾಮನಗರಕ್ಕೆ ಹೋಗಬೇಕಾಯಿತು. ಮಧ್ಯಾಹ್ನ ಬಂದಾಗ ಗಾಡಿ ಒರೆಸಿ ನಿಲ್ಲಿಸಿದ್ದ. ಊರಿನ ಕಡೆ ಸ್ವಲ್ಪ ದೂರ ಬಂದು, ಮರದ ನೆರಳಿಗೆ ನಿಲ್ಲಿಸಿ ಬಗ್ಗಿ ನೋಡಿದೆ. ಎಂಟು ಚುಕ್ಕಿ ಸರಿಯಾಗಿದ್ದವು. ಒಂಬತ್ತನೆಯದು, ಚೈನಿನ ಲಾಕ್ ಮೇಲಿನದು, ನನ್ನ ಚುಕ್ಕಿಯಲ್ಲ.

ಜಾಗ ಅದೇ. ಗಾತ್ರವೂ ಹೆಚ್ಚುಕಡಿಮೆ ಅದೇ. ಆದರೆ ನಾನು ಇಟ್ಟದ್ದು ಕುಂಕುಮದ ಕೆಂಪು, ಇದು ಇಟ್ಟಿಗೆಯ ಕೆಂಪು. ಇನ್ನೊಬ್ಬನಾಗಿದ್ದರೆ ಗೊತ್ತೇ ಆಗುತ್ತಿರಲಿಲ್ಲ. ಚೈನ್ ಬದಲಾಯಿಸಿದ್ದಾನೆ, ನನ್ನ ಗುರುತು ಕಂಡಿದೆ, ಬೇರೆ ಚೈನಿಗೆ ಸುಳ್ಳು ಗುರುತು ಹಾಕಿದ್ದಾನೆ. ಕಳ್ಳತನಕ್ಕಿಂತ ಆ ಜಾಣತನ ನನ್ನನ್ನು ಹೆಚ್ಚು ಸುಟ್ಟಿತು. ಏಳನೇ ಕ್ಲಾಸಿನವನು, ಇವನಿಗೆ ಬಣ್ಣ ಗೊತ್ತಾಗುತ್ತದೆಯೇ ಎಂದುಕೊಂಡಿರಬೇಕು.

ಅಂದು ನಾನು ವಾಪಸ್ಸು ಹೋಗಿ ಕೇಳಬಹುದಿತ್ತು. ಕೇಳಲಿಲ್ಲ. ಮಾರನೇ ಬೆಳಿಗ್ಗೆ ಹಾಲಿನ ಡೈರಿಯ ಮುಂದೆ ಹೇಳಿದೆ. ಊರಿನ ಗಂಡಸರು ಒಟ್ಟಿಗೆ ಸಿಗುವುದು ಅಲ್ಲೇ. ಕ್ಯಾನು ಹಿಡಿದು ನಿಂತವರಿಗೆ ಒಂದೊಂದಾಗಿ ಬಿಡಿಸಿ ಹೇಳಿದೆ: ಆರು ತಿಂಗಳ ಚೈನು, ಒಂಬತ್ತು ಚುಕ್ಕಿ, ಎರಡು ಕೆಂಪು. ಗಾಡಿಯನ್ನು ಒರಗಿಸಿ ತೋರಿಸಿದೆ.

"ನನಗೂ ಒಂದ್ಸಲ ಪ್ಲಗ್ ಬದ್ಲಾಯ್ಸವ್ನೆ ಅನ್ನಿಸ್ತು ಕಣ್ಲಾ" ಎಂದ ಒಬ್ಬ.

"ಅವ್ನು ಅಂತವ್ನಲ್ಲ ಕಣ್ಲೇ" ಎಂದ ನನ್ನ ಚಿಕ್ಕಪ್ಪನ ಮಗ. "ನನ್ ಚೈನು ಎಲ್ಡ್ ವರ್ಸದಿಂದ ಓಡ್ತೈತೆ."

"ನಿಂದು ಯಾಕ್ ಓಡ್ತೈತೆ? ನಂದ್ ತೆಗ್ದು ನಿಂಗ್ ಹಾಕ್ತಾವ್ನೆ, ಅದ್ಕೇ ಓಡ್ತೈತೆ" ಎಂದೆ. ಎಲ್ಲರೂ ನಕ್ಕರು. ಆ ಮಾತು ನನಗೇ ಎಷ್ಟು ಸರಿಯಾಗಿ ಕಂಡಿತೆಂದರೆ, ಆಮೇಲೆ ಅದನ್ನೇ ನಂಬಿದೆ.

ಮುಂದಿನ ಬೆಳೆಯಲ್ಲಿ, ಹುಳುವಿಗೆ ಹಸಿವು ಹೆಚ್ಚಿರುವ ಏಳು ದಿನದ ನಾಲ್ಕನೇ ದಿನ, ಸೊಪ್ಪಿನ ಹೊರೆ ಇಟ್ಟುಕೊಂಡು ಬರುತ್ತಿದ್ದಾಗ ಚೈನ್ ತುಂಡಾಯಿತು. ಹೊರೆಯ ಸಮೇತ ಎರಡು ಕಿಲೋಮೀಟರ್ ತಳ್ಳಿದೆ. ಸೊಪ್ಪು ಬಿಸಿಲಿಗೆ ಬಾಡಿತು. ಹುಳು ಒಂದು ಹೊತ್ತು ಖಾಲಿ ತಟ್ಟೆಯ ಮೇಲೆ ತಲೆ ಎತ್ತಿ ಆಡಿಸುತ್ತಿತ್ತು. ಸಂಜೆ ಚಿಕ್ಕಪ್ಪನ ಮಗನ ಗಾಡಿಯಲ್ಲಿ, ಊರಿನ ಇನ್ನು ಮೂವರ ಜೊತೆ, ಮೆಕ್ಯಾನಿಕ್ ಶೆಡ್ಡಿಗೆ ಹೋದೆ. ತುಂಡಾದ ಚೈನನ್ನು ಅವನ ಮುಂದೆ ಎಸೆದೆ.

"ಯಾರ್ದಣ್ಣ ಈ ಚೈನು?"

ಅವನು ಎತ್ತಿ ನೋಡಿದ. "ನಿಮ್ದೇ."

"ಚುಕ್ಕಿ ಯಾರ್ದು?"

ಅವನ ಮುಖ ಒಂದು ಕ್ಷಣ ಬದಲಾಯಿತು. ಅದೇ ಸಾಕ್ಷಿ ಎಂದುಕೊಂಡೆ. "ಚುಕ್ಕಿ ನಾನಿಟ್ಟೆ. ಚೈನು ನಿಮ್ದೇ" ಎಂದ. ಜೊತೆಗೆ ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಒಪ್ಕಂಡ್ನಲ್ಲ, ಕೇಳುಸ್ಕಂಡ್ರಾ?" ಎಂದೆ ನಾನು. "ಬಾ, ಕೆಂಗಲ್ ಆಂಜನೇಯನ ಮುಂದೆ ನಿಂತ್ಕಂಡು ಹೇಳು, ಬದ್ಲಾಯ್ಸಿಲ್ಲ ಅಂತ. ಇಲ್ಲೇ ಬುಟ್ಬುಡ್ತೀನಿ."

ಅವನು ಬಟ್ಟೆ ತೆಗೆದುಕೊಂಡು ಕೈ ಒರೆಸಿದ. ಒಂದೊಂದು ಬೆರಳನ್ನೂ ಒರೆಸಿದ. "ಚೈನ್ಗೆಲ್ಲ ದೇವ್ರ ಆಣೆ ಇಡೋನಲ್ಲ ಗೌಡ್ರೇ ನಾನು. ನಂಬ್ಕೆ ಇಲ್ದಿದ್ರೆ ಬೇರೆ ಕಡೆ ತೋರ್ಸಿ."

ಆಣೆಗೆ ಬರಲಿಲ್ಲ ಎನ್ನುವುದು ಊರಿಗೆ ಸಾಕಾಯಿತು. ಚೈನು, ಬಣ್ಣ ಇವೆಲ್ಲ ತಲೆಗೆ ಹೋಗದವರಿಗೂ ಆಣೆ ಅರ್ಥವಾಗುತ್ತದೆ. ಎರಡು ತಿಂಗಳಲ್ಲಿ ನಮ್ಮೂರಿನ ಹದಿನಾಲ್ಕು ಗಾಡಿಯೂ ಅವನ ಶೆಡ್ಡು ಬಿಟ್ಟವು. ಕೊನೆಗೆ ಹೋದದ್ದು ಚಿಕ್ಕಪ್ಪನ ಮಗನದು, ನಾನೇ ಮೂದಲಿಸಿ ಬಿಡಿಸಿದೆ. ಬೆಳೆಗೊಂದು ಸರ್ವೀಸಿನಂತೆ ಹದಿನಾಲ್ಕು ಗಾಡಿ ಎಂದರೆ ಅವನಿಗೆ ಅರ್ಧ ಕೆಲಸ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೇ ಮಾಡಿದೆ. ಕಳ್ಳನಿಗೆ ಆಗಬೇಕಾದದ್ದು ಆಯಿತು ಎಂದು ಅಂದುಕೊಂಡೆ.

ನಾನು ರಾಮನಗರದಲ್ಲಿ ಒಂದು ದೊಡ್ಡ ಅಂಗಡಿ ಹಿಡಿದೆ. ಹೊಸ ಚೈನ್ ಸೆಟ್ಟಿನ ಡಬ್ಬಿಯನ್ನು ನನ್ನ ಕಣ್ಣೆದುರೇ ಒಡೆಸಿ ಹಾಕಿಸಿದೆ, ಡಬ್ಬಿಯನ್ನೂ ಮನೆಗೆ ತಂದೆ. ಐದನೇ ತಿಂಗಳಿಗೆ ಕೊಂಡಿ ಕೆಂಪಗಾಯಿತು. ಡಬ್ಬಿ ಅಸಲಿ, ಒಳಗಿನದು ನಕಲಿ ಎಂದು ತೀರ್ಮಾನಿಸಿದೆ. ಮಾಗಡಿಯಲ್ಲಿ ಒಬ್ಬ ಬಹಳ ನಿಯತ್ತಿನವನು ಇದ್ದಾನೆ ಎಂದು ಯಾರೋ ಹೇಳಿದರು. ಅರ್ಧ ದಿನ ಕೆಲಸ ಬಿಟ್ಟು ಅಲ್ಲಿಗೆ ಹೋದೆ. ಅವನು ಚೈನ್ ನೋಡಿದವನೇ "ಇದೇನ್ ಸ್ವಾಮಿ, ಸಮುದ್ರದಲ್ಲಿ ಓಡಿಸ್ತೀರಾ" ಎಂದ. ಅವನ ನಗುವೇ ನನಗೆ ಹಿಡಿಸಲಿಲ್ಲ. ಅವನು ಹಾಕಿದ್ದೂ ಆರು ತಿಂಗಳು ಬರಲಿಲ್ಲ. ಮೂರು ಊರು, ಮೂವರು ಕಳ್ಳರು. ಆಗಲಾದರೂ ನಾನು ಸ್ವಲ್ಪ ನಿಂತು ಯೋಚಿಸಬೇಕಿತ್ತು. ಯೋಚಿಸಿದೆ ಕೂಡ. ಯೋಚಿಸಿ ನನಗೆ ಹೊಳೆದದ್ದು, ಈ ಮೂವರಿಗೂ ಸಾಮಾನು ಕೊಡುವ ಸಗಟು ವ್ಯಾಪಾರಿ ಒಬ್ಬನೇ ಇರಬೇಕು ಎಂದು.

ಕನಕಪುರಕ್ಕೆ ಹೋದೆ. ಆ ಕಡೆಗೆ ಮಾಲು ಬೇರೆ ಕಡೆಯಿಂದ ಬರುತ್ತದೆ ಎಂದು ಕೇಳಿದ್ದೆ. ಎರಡು ಚೈನ್ ಕೊಂಡೆ. ಒಂದನ್ನು ಅಲ್ಲೇ ಹಾಕಿಸಿದೆ. ಇನ್ನೊಂದನ್ನು ಯಾರ ಕೈಗೂ ಸಿಗದ ಹಾಗೆ ಇಡಬೇಕಲ್ಲ. ಮನೆಯಲ್ಲಿ ಜನ ಬರುತ್ತಾರೆ ಹೋಗುತ್ತಾರೆ. ಹುಳುಮನೆಗೆ ಮಾತ್ರ ನಾನೂ ಹೆಂಡತಿಯೂ ಬಿಟ್ಟರೆ ಯಾರೂ ಕಾಲಿಡುವುದಿಲ್ಲ. ಡಬ್ಬಿಯಲ್ಲಿಟ್ಟರೆ ಇಲಿ ಕಡಿಯುತ್ತದೆ ಎಂದು, ಬಿಚ್ಚಿ ನೋಡಿ ಸಮಾಧಾನ ಮಾಡಿಕೊಂಡು, ಒಳಗಿನ ಗೋಡೆಯ ಮೊಳೆಗೆ ತೂಗುಹಾಕಿದೆ.

ಎರಡು ಬೆಳೆ ಕಳೆಯಿತು. ಪ್ರತಿ ಬೆಳೆಯ ನಡುವೆ ಹುಳುಮನೆಗೆ ನೆಲ ಗೋಡೆ ಸೂರು ಎಲ್ಲಕ್ಕೂ ಬ್ಲೀಚಿಂಗ್ ನೀರು ಹೊಡೆದು, ಬಾಗಿಲು ಮುಚ್ಚಿ ಬಿಟ್ಟೆವು. ಮೂರನೇ ಬೆಳೆಗೆ ಮನೆ ತೆರೆದ ಬೆಳಿಗ್ಗೆ ತಟ್ಟೆ ಜೋಡಿಸುತ್ತಾ ಮೊಳೆಯ ಕಡೆ ನೋಡಿದೆ.

ಚೈನ್ ತುಕ್ಕು ಹಿಡಿದಿತ್ತು. ಕೆಳಗಿನ ಅರ್ಧ ಪೂರ್ತಿ ಕೆಂಪು. ಮೊಳೆಯಿಂದ ಇಳಿಸಿದೆ. ಕೋಲಿನ ಹಾಗೆ ಸೆಟೆದು ನಿಂತಿತು.

ಯಾವ ಮೆಕ್ಯಾನಿಕ್ಕೂ ಮುಟ್ಟದ ಚೈನು. ಒಂದು ಗಜ ರಸ್ತೆ ನೋಡದ ಚೈನು. ಬೀಗದ ಕೈ ನನ್ನ ಉಡಿದಾರದಲ್ಲಿತ್ತು.

ಇದನ್ನೂ ಯಾರ ಮೇಲಾದರೂ ಹಾಕಬಹುದೇ ಎಂದು ಮನಸ್ಸು ಸುತ್ತಿ ಬಂತು, ನಿಜ ಹೇಳುತ್ತೇನೆ. ಕನಕಪುರದವನು ಉಪ್ಪು ನೀರಲ್ಲಿ ಅದ್ದಿದ ಮಾಲು ಕೊಟ್ಟನೇ ಎಂದೂ ಬಂತು. ಆಮೇಲೆ ಬಾಗಿಲ ಕಡೆ ಕಣ್ಣು ಹೋಯಿತು. ಕೆಳಗಿನ ಕೀಲನ್ನು ತುಕ್ಕು ತಿಂದಿತ್ತು, ಹೋದ ವರ್ಷ ತಾನೇ ಹೊಸದು ಹಾಕಿಸಿದ್ದು. ತಟ್ಟೆ ಇಡುವ ಕಬ್ಬಿಣದ ಸ್ಟ್ಯಾಂಡಿನ ನಾಲ್ಕು ಕಾಲೂ ತುಕ್ಕಿನಿಂದ ಹಪ್ಪಳ ಎದ್ದಿದ್ದವು. ಸ್ಪ್ರೇ ಪಂಪಿನ ಕಡ್ಡಿ, ಕಿಟಕಿಯ ಚಿಲಕವೂ ಹಾಗೇ. ಎಲ್ಲವನ್ನೂ ಇಷ್ಟು ವರ್ಷದಿಂದ ನೋಡುತ್ತಲೇ ಇದ್ದೆ. ಅವನ್ನು ಮಾರಿದವರನ್ನೆಲ್ಲ ಬೈದೂ ಇದ್ದೆ.

ಹೆಂಡತಿಯನ್ನು ಕರೆದು ತೋರಿಸಿದೆ. ಅವಳು ಚೈನಿಗಿಂತ ನನ್ನನ್ನು ಹೆಚ್ಚು ಹೊತ್ತು ನೋಡಿದಳು.

"ನನ್ ಕೈ ನೋಡಿ" ಎಂದಳು. ಬ್ಲೀಚಿಂಗ್ ಕಲಸಿ ಕಲಸಿ ಬೆರಳ ಸಂದಿಯ ಚರ್ಮ ಬಿರಿದಿತ್ತು. "ಕೈನೇ ತಿಂತೈತೆ. ಕಬ್ಬಿಣ ಬುಡ್ತದಾ?"

"ಮುಂಚೆನೇ ಯಾಕ್ ಹೇಳ್ಲಿಲ್ಲ?"

"ನನ್ನ ಯಾರ್ ಕೇಳಿದ್ರು? ನೀವು ಕಳ್ಳನ್ನ ಹಿಡೀತಿದ್ರಿ."

ಆ ದಿನ ಹೋಗಲಿಲ್ಲ, ಮಾರನೇ ದಿನವೂ ಹೋಗಲಿಲ್ಲ. ನಾಲ್ಕನೇ ದಿನ ತುಕ್ಕು ಹಿಡಿದ ಚೈನನ್ನು ಕೈಚೀಲದಲ್ಲಿ ಹಾಕಿಕೊಂಡು ಚನ್ನಪಟ್ಟಣಕ್ಕೆ ಹೋದೆ. ಶೆಡ್ಡಿನಲ್ಲಿ ಒಂದೇ ಗಾಡಿ ನಿಂತಿತ್ತು. ಮೊದಲೆಲ್ಲ ಹೊಂಗೆ ಮರದ ಬುಡದ ತನಕ ಸಾಲು ಇರುತ್ತಿತ್ತು. ಮೆಕ್ಯಾನಿಕ್ ತಲೆ ಎತ್ತಿ ನೋಡಿ ಮತ್ತೆ ಕೆಲಸ ಮಾಡಿದ. ನಾನು ಚೈನ್ ತೆಗೆದು ಕೊಟ್ಟೆ. ಎಲ್ಲ ಹೇಳಿದೆ: ಬಕೆಟ್ಟು, ಚೊಂಬು, ಮೊಳೆ, ಬೀಗ.

ಅವನು ಕೊಂಡಿಯನ್ನು ಉಗುರಿನಿಂದ ಕೆರೆದು ಮೂಸಿದ. "ಇದ್ನೇ ನಾನ್ ಅವತ್ ಕೇಳಿದ್ದು, ಏನಾಕಿ ತೊಳೀತೀರಿ ಅಂತ."

"ನೀರು ಅಂದೆ."

"ಅಂದ್ರಿ."

ನಾನು ಚುಕ್ಕಿಯ ವಿಷಯ ಕೇಳಿದೆ. ಕೇಳದೆ ಇರಲು ಆಗಲಿಲ್ಲ. ಎಲ್ಲ ತಿಳಿದ ಮೇಲೂ ಆ ಇಟ್ಟಿಗೆ ಕೆಂಪು ನನ್ನ ಕಣ್ಣಿನಿಂದ ಹೋಗಿರಲಿಲ್ಲ.

"ವೈರ್ ಬ್ರಶ್ನಲ್ಲಿ ಉಜ್ಜಿದ್ನಲ್ಲ, ಕಿತ್ಕಂಡ್ ಹೋಯ್ತು" ಎಂದ. "ಎಲ್ಡ್ ಸರ್ವೀಸು ಅದ್ನ ಬುಟ್ಟೇ ಸುತ್ತ ಉಜ್ಜಿದ್ದೆ. ಮೂರ್ನೇದ್ರಲ್ಲಿ ಕೈತಪ್ತು. ನೀವ್ ಬಂದು ನೋಡ್ಬುಟ್ಟು ಚೈನ್ ಬದ್ಲಾಗೈತೆ ಅಂದ್ಕತೀರಿ ಅಂತ, ಟ್ಯಾಂಕ್ ಟಚಪ್ ಮಾಡೋ ಬಣ್ಣ ಇತ್ತು, ಒಂದ್ ಚುಕ್ಕಿ ಇಟ್ಟೆ."

"ನಿಂಗ್ ಗೊತ್ತಿತ್ತಾ, ಚುಕ್ಕಿ ಇರೋದು?"

"ಒಂಬತ್ತವೆ. ಏರ್ ಫಿಲ್ಟರ್ ಡಬ್ಬಿ ಒಳಗೂ ಒಂದಿಟ್ಟಿದ್ರಿ. ಅಲ್ಲಿಗೆ ಕೈ ಎಂಗ್ ತೂರ್ಸಿದ್ರೋ, ನನಗೇ ಕಷ್ಟ ಆಯ್ತದೆ."

ನಾನು ಕೂರುತ್ತಿದ್ದ ಟೈರ್ ಅಲ್ಲೇ ಇತ್ತು, ಕೂರಲಿಲ್ಲ. "ತಪ್ಪಾಯ್ತಣ್ಣ" ಎಂದೆ.

"ನನ್ಹತ್ರ ಹೇಳಿ ಏನ್ ಬಂತು ಗೌಡ್ರೇ. ನಂಗೊತ್ತು ನಾನು ಕದ್ದಿಲ್ಲ ಅಂತ. ಎಲ್ಲಿ ಹೇಳಿದ್ರೋ ಅಲ್ಲೇಳಿ."

ಮಾರನೇ ಬೆಳಿಗ್ಗೆ ಡೈರಿಯ ಮುಂದೆ ಹೇಳಿದೆ. ಇಪ್ಪತ್ತು ಜನ ಇದ್ದರು. ಮೊದಲ ಸಾರಿ ಕಳ್ಳ ಎಂದು ಹೇಳಿದಾಗ ಕ್ಯಾನು ಕೆಳಗಿಟ್ಟು ಕೇಳಿದ್ದವರು, ಈಗ ಕ್ಯಾನು ಹಿಡಿದುಕೊಂಡೇ ಕೇಳಿದರು. ತುಕ್ಕು ಹಿಡಿದ ಚೈನನ್ನು ಕೈಯಿಂದ ಕೈಗೆ ಕೊಟ್ಟೆ.

"ಎಷ್ಟ್ ಕೊಟ್ನಲಾ?" ಎಂದು ಹಿಂದಿನಿಂದ ಒಂದು ದನಿ ಬಂತು.

"ಯಾರು?"

"ಮೆಕ್ಯಾನಿಕ್ಕು. ನಿನ್ ಬಾಯ್ಗೆ ಏನಾಕ್ದ ಅಂತ."

ಕೆಲವರು ನಕ್ಕರು. ನಾನು ಕೋಪ ಮಾಡಿಕೊಳ್ಳಲು ಹೋದೆ, ಆಗಲಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಕೇಳುತ್ತಿದ್ದೆ.

"ಅಂಗಿದ್ರೆ ಅವ್ನು ಆಣೆಗೆ ಯಾಕ್ ಬರ್ಲಿಲ್ಲ?" ಎಂದ ಇನ್ನೊಬ್ಬ. ಪ್ಲಗ್ ಬದಲಾಯಿಸಿದ್ದಾನೆ ಅನ್ನಿಸಿತು ಎಂದಿದ್ದವನೇ.

"ಚೈನ್ಗೆಲ್ಲ ಆಣೆ ಇಡಲ್ಲ ಅಂದ."

"ನೀನ್ ಬ್ಲೀಚಿಂಗ್ ಹಾಕ್ದೆ, ನಿನ್ ಚೈನ್ ಹೋಯ್ತು. ಸರಿ. ನಾನ್ ಹಾಕಿಲ್ಲ. ನನ್ ಪ್ಲಗ್ ಯಾಕ್ ಹೋಯ್ತು?"

ಪ್ಲಗ್ಗು ಹೋಗುತ್ತದೆ, ಪ್ಲಗ್ಗಿನ ಕೆಲಸವೇ ಒಂದು ದಿನ ಹೋಗುವುದು. ಆದರೆ ಅವನ ಅನುಮಾನವನ್ನು ಬಿತ್ತಿದವನು ನಾನು, ಈಗ ಅದು ಅವನ ಹೊಲದ ಬೆಳೆ. ನಾನು ಕೀಳಲು ಹೋದರೆ ಬದುವಿನ ಮೇಲೆ ನಿಂತು ಬೈಯುತ್ತಾನೆ. ಒಬ್ಬನ ಮೇಲೆ ಮಾತು ಹಾಕಲು ನನಗೆ ಒಂದು ಬೆಳಿಗ್ಗೆ ಸಾಕಾಗಿತ್ತು. ತೆಗೆಯಲು ಮನೆಮನೆಗೆ ಹೋಗಬೇಕಾಯಿತು. ಕೆಲವರ ಹುಳುಮನೆಯ ಕೀಲು ತೋರಿಸಿ ಹೇಳಿದೆ. ಕೆಲವರ ಗಾಡಿಯನ್ನು ನಾನೇ ಓಡಿಸಿಕೊಂಡು ಹೋಗಿ ಅವನ ಶೆಡ್ಡಿನಲ್ಲಿ ನಿಲ್ಲಿಸಿ, ಕೆಲಸ ಮುಗಿಯುವವರೆಗೆ ಕೂತು, ತಂದುಕೊಟ್ಟೆ. ಮೊದಲು ಬಂದದ್ದು ಚಿಕ್ಕಪ್ಪನ ಮಗ. "ನಿನ್ ಚೈನ್ ನನ್ ಗಾಡೀಲಿಲ್ಲ ತಾನೇ, ಒಂದ್ಸಲ ನೋಡ್ಬುಡು" ಎಂದ. ಅಷ್ಟು ಹೇಳುವ ಹಕ್ಕು ಅವನಿಗಿತ್ತು.

ನನ್ನ ಗಾಡಿಯನ್ನು ಮೆಕ್ಯಾನಿಕ್ ಬೇಡ ಎನ್ನಲಿಲ್ಲ. ಬೆಳೆಗೊಂದು ಸಾರಿ ಹೋಗುತ್ತೇನೆ. ಈಗ ಮಾರ್ಕೆಟ್ಟಿಂದ ಬಂದರೆ ಗಾಡಿಯನ್ನು ಹುಳುಮನೆಯ ಹತ್ತಿರ ತರುವುದೇ ಇಲ್ಲ, ಬೀದಿಯ ಕೊನೆಯಲ್ಲಿ ನಿಲ್ಲಿಸಿ ಬರಿಗಾಲಲ್ಲಿ ನಡೆದು ಬರುತ್ತೇನೆ. ಶೆಡ್ಡಿನಲ್ಲಿ ಈಗಲೂ ಪೂರ್ತಿ ಹೊತ್ತು ಕೂತು ನೋಡುತ್ತೇನೆ. ಬುದ್ಧಿ ಹೋಗಿಲ್ಲ. ಮೊನ್ನೆ ಅವನು ಏನೋ ಒಂದು ನಟ್ಟನ್ನು ಜೇಬಿಗೆ ಹಾಕಿದಂತೆ ಕಂಡಿತು. ಆಮೇಲೆ ಅದನ್ನೇ ತೆಗೆದು ಬಿಗಿದ, ಕೈ ಖಾಲಿ ಬೇಕಾಗಿ ಜೇಬಿಗೆ ಹಾಕಿದ್ದಷ್ಟೇ. ನನ್ನ ಕಣ್ಣು ಅವನ ಜೇಬಿನ ಮೇಲೆ ಇದ್ದದ್ದು ಅವನಿಗೂ ಗೊತ್ತಾಯಿತು. ಅವನು ಮೊದಲಿನಂತೆ ತಮಾಷೆ ಮಾಡುವುದಿಲ್ಲ. ಗೌಡ್ರೇ ಎನ್ನುತ್ತಾನೆ, ಕೆಲಸ ಸರಿಯಾಗಿ ಮಾಡುತ್ತಾನೆ, ಅಷ್ಟೇ.

ಇವತ್ತಿಗೆ ನನ್ನಲ್ಲಿ ಇರುವುದು ಇಷ್ಟು. ಬೈಕು ಒಂದು. ಅದರ ಚೈನಿಗೆ ಹದಿಮೂರು ತಿಂಗಳು, ಇನ್ನೂ ಮೆತ್ತಗೆ ಮಲಗುತ್ತದೆ. ಸ್ವಂತ ಸೊಪ್ಪು ಒಂದೂಕಾಲು ಎಕರೆ, ಗುತ್ತಿಗೆಯದು ಒಂದು. ಹುಳುಮನೆ ಒಂದು, ಅದಕ್ಕೆ ಈಗ ಮರದ ಸ್ಟ್ಯಾಂಡು. ಮೆಕ್ಯಾನಿಕ್ ಶೆಡ್ಡಿಗೆ ನಾನು ವಾಪಸ್ಸು ಕಳಿಸಿದ ಗಾಡಿಗಳು, ನನ್ನದೂ ಸೇರಿ, ಆರು. ಇನ್ನೂ ಕಳಿಸಬೇಕಾದವು ಎಂಟು.